ಡ್ರೋನ್ ಕ್ಯಾಮೆರಾದ ಕಂಪನ ತಗ್ಗಿಸುವ ಕ್ರಮ: ಮಲೆನಾಡಿನಲ್ಲಿ ಹಾರಿಸುವವರಿಗೆ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆ ಮದುವೆಯ ವಿಡಿಯೊದಿಂದ ಹಿಡಿದು ಅಡಿಕೆ ತೋಟದ ಸಮೀಕ್ಷೆಯವರೆಗೆ ಈಗ ಡ್ರೋನ್ ಬಳಕೆಯಲ್ಲಿದೆ. ಎಲೆಚುಕ್ಕೆ ರೋಗ ತೋಟದ ಯಾವ ಮೂಲೆಯಿಂದ ಹಬ್ಬುತ್ತಿದೆ ಎಂದು ಮೇಲಿನಿಂದ ನೋಡಬಯಸುವ ಬೆಳೆಗಾರರಿಗೂ, ಶರಾವತಿಯ ಹಿನ್ನೀರನ್ನು ದೊಡ್ಡ ಪರದೆಯ ಮೇಲೆ ತೋರಿಸಬಯಸುವ ಛಾಯಾಗ್ರಾಹಕರಿಗೂ ಎದುರಾಗುವ ತೊಂದರೆ ಒಂದೇ. ನೆಲದ ಮೇಲಿದ್ದಾಗ ಚೊಕ್ಕವಾಗಿ ಚಿತ್ರ ತೆಗೆಯುವ ಕ್ಯಾಮೆರಾ ಮೇಲೇರಿದ ಕೂಡಲೇ ಮಸುಕಾದ ಚಿತ್ರ ಕೊಡುತ್ತದೆ, ಇಲ್ಲವೇ ವಿಡಿಯೊದಲ್ಲಿ ಮರ, ಗೋಡೆ, ಕಂಬಗಳೆಲ್ಲ ಕಲಕಿದ ನೀರಿನೊಳಗೆ ಕಂಡಂತೆ ಬಳುಕುತ್ತವೆ. ಇದಕ್ಕೆ ಹೆಚ್ಚಿನವರು ಹುಡುಕುವ ಪರಿಹಾರ ಎರಡು: ಕ್ಯಾಮೆರಾದ ಕೆಳಗೆ ಇನ್ನಷ್ಟು ರಬ್ಬರ್ ಹಾಕುವುದು, ಅಥವಾ ಎಡಿಟಿಂಗ್ ತಂತ್ರಾಂಶದಲ್ಲಿ ಸ್ಟೆಬಿಲೈಸ್ ಮಾಡುವುದು, ಅಂದರೆ ಅಲುಗಾಟ ತೆಗೆಯುವುದು. ಇವೆರಡಕ್ಕೂ ಸ್ಥಾನವಿದೆ, ಆದರೆ ಮೊದಲ ಸ್ಥಾನವಲ್ಲ. ಕಂಪನ ಹುಟ್ಟುವಲ್ಲಿ ಅದನ್ನು ಕಡಿಮೆ ಮಾಡದೆ ದಾರಿಯಲ್ಲಿ ತಡೆಯಲು ಹೊರಟರೆ ಖರ್ಚು ಹೆಚ್ಚುತ್ತದೆ, ಫಲ ಕಡಿಮೆಯಾಗುತ್ತದೆ. ಆದ್ದರಿಂದ ಮೊದಲು ಪ್ರೊಪೆಲ್ಲರ್ ಮತ್ತು ಮೋಟಾರ್, ಬಳಿಕ ಕ್ಯಾಮೆರಾ ಕೂರಿಸುವ ತಟ್ಟೆ, ಅನಂತರ ಗಿಂಬಲ್ (ಡ್ರೋನ್ ವಾಲಿದರೂ ಕ್ಯಾಮೆರಾವನ್ನು ಮಟ್ಟವಾಗಿ ಹಿಡಿದಿಡುವ ಮೋಟಾರುಗಳ ಚೌಕಟ್ಟು), ಅದಾದ ಮೇಲೆ ಶಟರ್ ವೇಗ (ಒಂದು ಚಿತ್ರಕ್ಕೆ ಬೆಳಕು ಬೀಳುವ ಅವಧಿ) ಎಂಬ ಕ್ರಮದಲ್ಲಿ ಕೆಲಸ ಮಾಡಬೇಕೆಂಬುದು ಈ ಬರಹದ ಸಲಹೆ.

ಯಾವ ಕಂಪನ ಎಂದು ಗುರುತಿಸುವುದು

ಡ್ರೋನ್‌ಗಳಲ್ಲಿರುವ ಬಹುತೇಕ ಕ್ಯಾಮೆರಾಗಳ ಸೆನ್ಸರ್ ಇಡೀ ಚಿತ್ರವನ್ನು ಒಂದೇ ಕ್ಷಣದಲ್ಲಿ ದಾಖಲಿಸುವುದಿಲ್ಲ. ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಒಂದಾದ ಮೇಲೊಂದರಂತೆ ಓದುತ್ತ ಹೋಗುತ್ತದೆ. ಇದನ್ನು ರೋಲಿಂಗ್ ಶಟರ್ ಎನ್ನುತ್ತಾರೆ. ಓದು ಮುಗಿಯುವಷ್ಟರಲ್ಲಿ ಕ್ಯಾಮೆರಾ ಒಂದೆರಡು ಬಾರಿ ಅತ್ತಿತ್ತ ಅಲುಗಿದ್ದರೆ ಮೇಲಿನ ಸಾಲುಗಳು ಒಂದು ಕಡೆಗೂ ಕೆಳಗಿನವು ಇನ್ನೊಂದು ಕಡೆಗೂ ಜರುಗಿ, ನೆಟ್ಟಗಿರಬೇಕಾದ ಗೆರೆ ಅಲೆಯಂತೆ ಬಳುಕುತ್ತದೆ. ಈ ದೋಷವೇ ನಮಗೆ ಒಳ್ಳೆಯ ಅಳತೆಗೋಲೂ ಆಗುತ್ತದೆ. ಗಾಳಿಯಿಲ್ಲದ ಹೊತ್ತಿನಲ್ಲಿ ಮನೆಯ ಗೋಡೆಯ ಅಂಚನ್ನೋ ಅಡಿಕೆ ಮರದ ನೆಟ್ಟನೆಯ ಕಾಂಡವನ್ನೋ ಎದುರಿಗಿಟ್ಟುಕೊಂಡು, ಡ್ರೋನನ್ನು ಒಂದೇ ಜಾಗದಲ್ಲಿ ನಿಲ್ಲಿಸಿ, ಶಟರ್ ವೇಗವನ್ನು 1/1000 ಸೆಕೆಂಡಿಗಿಂತ ಚುರುಕಾಗಿಟ್ಟು (1/2000ದಂತೆ) ಸ್ವಲ್ಪ ಹೊತ್ತು ವಿಡಿಯೊ ತೆಗೆಯಿರಿ. ಬಳಿಕ ಒಂದು ಫ್ರೇಮನ್ನು ನಿಲ್ಲಿಸಿ, ಆ ಗೆರೆಯಲ್ಲಿ ಎಷ್ಟು ಅಲೆಗಳಿವೆ ಎಂದು ಎಣಿಸಿರಿ.

ನಿಮ್ಮ ಸೆನ್ಸರ್ ಪೂರ್ತಿ ಓದಲು 1/50 ಸೆಕೆಂಡ್ ತೆಗೆದುಕೊಳ್ಳುತ್ತದೆ ಎಂದಿಟ್ಟುಕೊಳ್ಳೋಣ. ಚಿತ್ರದ ಮೇಲಂಚಿನಿಂದ ಕೆಳಗಿನ ಅಂಚಿನವರೆಗೆ 2 ಅಲೆಗಳು ಕಂಡರೆ ಕಂಪನದ ಆವರ್ತನ ಸೆಕೆಂಡಿಗೆ 100, ಅಂದರೆ 100 ಹರ್ಟ್ಸ್. ನಿಮಿಷಕ್ಕೆ 6000 ಸುತ್ತು ತಿರುಗುವ ಪ್ರೊಪೆಲ್ಲರ್ ಸೆಕೆಂಡಿಗೆ 100 ಸುತ್ತು ತಿರುಗುತ್ತದೆ. ಆದ್ದರಿಂದ ಸುತ್ತಿಗೊಮ್ಮೆ ಬರುವ ಈ ಅದುರು ಪ್ರೊಪೆಲ್ಲರಿನ ಅಥವಾ ಮೋಟಾರಿನ ತೂಕದ ಅಸಮತೋಲದಿಂದ ಬಂದದ್ದೆಂದು ತಿಳಿಯಬಹುದು. ಅದೇ ಗೆರೆಯಲ್ಲಿ 4 ಅಲೆಗಳಿದ್ದರೆ ಅದು 200 ಹರ್ಟ್ಸ್, ಎರಡು ಅಲಗಿನ ಪ್ರೊಪೆಲ್ಲರಿನ ಪ್ರತಿಯೊಂದು ಅಲಗೂ ಮೋಟಾರನ್ನು ಹೊತ್ತ ತೋಳಿನ ಮೇಲಿಂದ ಹಾದುಹೋಗುವಾಗ ಗಾಳಿಯನ್ನು ತಳ್ಳುವುದರಿಂದ ಹುಟ್ಟಿದ್ದು. ಮೊದಲನೆಯದನ್ನು ಸಮತೋಲ ಮಾಡಿ ಸರಿಪಡಿಸಬಹುದು. ಎರಡನೆಯದು ತೋಳು ಸಡಿಲವಾಗಿದೆ ಅಥವಾ ತೀರ ತೆಳುವಾಗಿದೆ ಎಂಬುದರ ಸೂಚನೆ. ಅಲೆಗಳೇ ಕಾಣದೆ ಇಡೀ ಚಿತ್ರ ನಿಧಾನವಾಗಿ ತೂಗಾಡುತ್ತಿದ್ದರೆ ಅದು ಕಂಪನದ ವಿಷಯವೇ ಅಲ್ಲ, ಗಾಳಿಯದ್ದೋ ಗಿಂಬಲ್‌ನದ್ದೋ ಆಗಿರುತ್ತದೆ.

ಜರುಗುವುದಕ್ಕಿಂತ ವಾಲುವುದು ಕೆಡುಕು

ಮುಂದೆ ಹೇಳುವ ಎಲ್ಲ ಕೆಲಸಕ್ಕೂ ಆಧಾರವಾದ ಒಂದು ಲೆಕ್ಕವನ್ನು ಇಲ್ಲಿಯೇ ನೋಡಿಬಿಡುವುದು ಒಳ್ಳೆಯದು. ಕ್ಯಾಮೆರಾ ಇದ್ದ ಹಾಗೆಯೇ ಪಕ್ಕಕ್ಕೆ 0.1 ಮಿಲಿಮೀಟರ್ ಜರುಗಿದರೆ ಅದು ನೋಡುತ್ತಿರುವ ನೆಲದ ಬಿಂದುವೂ 0.1 ಮಿಲಿಮೀಟರ್ ಮಾತ್ರ ಜರುಗುತ್ತದೆ. 100 ಮೀಟರ್ ಎತ್ತರದಿಂದ ಅದು ಯಾವ ಲೆಕ್ಕಕ್ಕೂ ಬಾರದು. ಆದರೆ 50 ಮಿಲಿಮೀಟರ್ ಅಗಲದ ತಟ್ಟೆಯ ಒಂದು ಅಂಚು ಮಾತ್ರ ಅದೇ 0.1 ಮಿಲಿಮೀಟರ್ ಮೇಲೆದ್ದು ಇನ್ನೊಂದು ಅಂಚು ಅಲ್ಲಿಯೇ ಉಳಿದರೆ ಕ್ಯಾಮೆರಾ ಸುಮಾರು 0.11 ಡಿಗ್ರಿ ವಾಲುತ್ತದೆ, ಮತ್ತು 100 ಮೀಟರ್ ಕೆಳಗೆ ಅದರ ನೋಟ 20 ಸೆಂಟಿಮೀಟರ್ ಸರಿದಿರುತ್ತದೆ. ಆ ಎತ್ತರದಿಂದ ಒಂದು ಪಿಕ್ಸೆಲ್ ನೆಲದ ಮೇಲಿನ 2.5 ಸೆಂಟಿಮೀಟರಿಗೆ ಸಮನಾಗಿದ್ದರೆ ಇದು 8 ಪಿಕ್ಸೆಲ್‌ಗಳ ಮಸುಕು. ಹೀಗಾಗಿ ನಾವು ತಡೆಯಬೇಕಾದದ್ದು ಮುಖ್ಯವಾಗಿ ವಾಲುವಿಕೆಯನ್ನು. ಜರುಗುವಿಕೆ ವಾಲುವಿಕೆಯಾಗಿ ಮಾರ್ಪಡದಂತೆ ನೋಡಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಮಾರುಕಟ್ಟೆಯಲ್ಲಿ ರಬ್ಬರಿನ ಮೃದುತ್ವದ ಬಗ್ಗೆ ನಡೆಯುವಷ್ಟು ಮಾತು ಈ ವಿಷಯದ ಬಗ್ಗೆ ನಡೆಯುವುದಿಲ್ಲ.

ಪ್ರೊಪೆಲ್ಲರ್

ಪ್ರೊಪೆಲ್ಲರಿನ ಒಂದು ಅಲಗಿನ ತುದಿಯ ಬಳಿ, ನಡುಬಿಂದುವಿನಿಂದ 10 ಸೆಂಟಿಮೀಟರ್ ದೂರದಲ್ಲಿ, ಕೇವಲ 0.1 ಗ್ರಾಂ ಒಣಮಣ್ಣು ಅಂಟಿಕೊಂಡಿದೆ ಎನ್ನೋಣ. ನಿಮಿಷಕ್ಕೆ 6000 ಸುತ್ತಿನ ವೇಗದಲ್ಲಿ ಅದು ಮೋಟಾರಿನ ಅಕ್ಷವನ್ನು ಹೊರಗೆಳೆಯುವ ಬಲ ಸುಮಾರು 4 ನ್ಯೂಟನ್, ಅಂದರೆ 400 ಗ್ರಾಂ ತೂಕದಷ್ಟು. ಈ ಎಳೆತದ ದಿಕ್ಕು ಸೆಕೆಂಡಿಗೆ 100 ಸುತ್ತು ತಿರುಗುತ್ತದೆ. ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟಾಗುವುದರಿಂದ, ನಿಂತಲ್ಲಿ ನಿಂತಾಗ ಚೆನ್ನಾಗಿ ಬರುವ ವಿಡಿಯೊ ಎದುರುಗಾಳಿಯಲ್ಲಿ ಸಾಗುವಾಗ ಕೆಡುವುದು ಸಹಜ.

ಹಾಗಾಗಿ ಪ್ರತಿ ಹಾರಾಟಕ್ಕೂ ಮುನ್ನ ಒದ್ದೆ ಬಟ್ಟೆಯಿಂದ ಅಲಗುಗಳ ಎರಡೂ ಬದಿಯನ್ನು ಒರೆಸಿ, ಬೆರಳಿನಿಂದ ಮುಂಚೂಣಿಯ ಅಂಚನ್ನು ಸವರಿ ನೋಡಬೇಕು. ಉಗುರಿಗೆ ತಡೆಯುವಷ್ಟು ಕಚ್ಚು ಇದ್ದರೆ ಆ ಪ್ರೊಪೆಲ್ಲರನ್ನು ಉಜ್ಜಿ ಸರಿಮಾಡಲು ಹೋಗದೆ ಬದಲಿಸುವುದೇ ಸರಿ. ಮಡಚುವ ಅಲಗುಗಳಿದ್ದಲ್ಲಿ ಒಂದನ್ನು ಮಾತ್ರ ಬದಲಿಸಬಾರದು. ಜೋಡಿಯಾಗಿ ತೂಗಿ ಕಳುಹಿಸಿದ ಅಲಗುಗಳನ್ನು ಜೋಡಿಯಾಗಿಯೇ ಹಾಕಬೇಕು. ಅವನ್ನು ಹಿಡಿದಿರುವ ತಿರುಪನ್ನು ಬಲವಾಗಿ ಬಿಗಿದರೆ ಅಲಗು ತಿರುಗುವ ಬಲಕ್ಕೆ ತಾನಾಗಿ ನೆಟ್ಟಗಾಗುವುದಿಲ್ಲ, ಅರೆಮಡಚಿಕೊಂಡೇ ಸುತ್ತುತ್ತ ಅಸಮತೋಲವನ್ನು ತಾನೇ ಹುಟ್ಟಿಸುತ್ತದೆ. ಬೆರಳಿನಿಂದ ತಳ್ಳಿದರೆ ಸರಾಗವಾಗಿ ಸರಿಯಬೇಕು, ತನ್ನಷ್ಟಕ್ಕೆ ಜೋತುಬೀಳಬಾರದು. ಬಿಗಿತ ಅಷ್ಟಿದ್ದರೆ ಸಾಕು.

ಮಡಚದ ಒಂದೇ ತುಂಡಿನ ಪ್ರೊಪೆಲ್ಲರಾದರೆ ಆಯಸ್ಕಾಂತದ ಬ್ಯಾಲೆನ್ಸರ್ (ಪ್ರೊಪೆಲ್ಲರನ್ನು ತಡೆಯಿಲ್ಲದೆ ತಿರುಗುವಂತೆ ಹಿಡಿಯುವ ಸಾಧನ) ಬಳಸಿ ಮನೆಯಲ್ಲಿಯೇ ಸಮತೋಲ ಮಾಡಬಹುದು. ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, ಪ್ರೊಪೆಲ್ಲರನ್ನು ಅಡ್ಡಲಾಗಿ ನಿಲ್ಲಿಸಿ ಬಿಟ್ಟರೆ ಭಾರದ ಅಲಗು ಕೆಳಗಿಳಿಯುತ್ತದೆ. ಹಗುರವಾದ ಅಲಗಿನ ಕೆಳಬದಿಗೆ ಸೆಲ್ಲೋಟೇಪಿನ ಸಣ್ಣ ತುಂಡು ಅಂಟಿಸುತ್ತ, ಹೇಗೆ ನಿಲ್ಲಿಸಿದರೂ ಹಾಗೆಯೇ ನಿಲ್ಲುವಂತೆ ಮಾಡಬೇಕು. ಹಲವರು ಇಲ್ಲಿಗೇ ನಿಲ್ಲಿಸುತ್ತಾರೆ. ಪ್ರೊಪೆಲ್ಲರನ್ನು ಲಂಬವಾಗಿ ನಿಲ್ಲಿಸಿದಾಗಲೂ ಅದು ಸ್ಥಿರವಾಗಿರಬೇಕು. ಒಂದು ಪಕ್ಕಕ್ಕೆ ತಿರುಗಿದರೆ ದೋಷ ಅಲಗುಗಳಲ್ಲಿಲ್ಲ, ನಡುವಿನ ಗುಬುಟಿನಲ್ಲಿದೆ, ಮತ್ತು ಅದರ ಹಗುರವಾದ ಬದಿಗೆ ಒಂದು ಹನಿ ಅಂಟು ಹಾಕಿ ಸರಿಪಡಿಸಬೇಕು. ಟೇಪಿನ ಬದಲು ಭಾರದ ಅಲಗನ್ನು ಮರಳುಕಾಗದದಿಂದ ತಿಕ್ಕುವವರು ಅಂಚುಗಳನ್ನು ಬಿಟ್ಟು ಸಪಾಟಾದ ಭಾಗವನ್ನಷ್ಟೇ ತಿಕ್ಕಬೇಕು. ಕಾರ್ಬನ್ ಫೈಬರಿನದಾದರೆ ಅದರ ಪುಡಿ ಶ್ವಾಸಕೋಶಕ್ಕೆ ಕೆಡುಕಾದ್ದರಿಂದ ಮಾಸ್ಕ್ ಧರಿಸಿ ನೀರು ಹಾಕಿ ತಿಕ್ಕುವುದು ಕಡ್ಡಾಯ.

ನಮ್ಮ ಕಡೆ ಪ್ರೊಪೆಲ್ಲರ್ ಹಾಳಾಗುವುದು ಆಕಾಶದಲ್ಲಿ ಕಡಿಮೆ, ನೆಲದಲ್ಲಿ ಹೆಚ್ಚು. ತೋಟದ ಬದಿಯ ಎತ್ತರದ ಹುಲ್ಲಿನಿಂದ ಏರಿಸಿದರೆ ಹುಲ್ಲಿನ ಕಡ್ಡಿಗಳು ಅಲಗಿಗೆ ಬಡಿಯುತ್ತವೆ, ಇಬ್ಬನಿಯೂ ಹಸಿರು ರಸವೂ ಅಂಟುತ್ತವೆ. ಕೆಮ್ಮಣ್ಣಿನ ಅಂಗಳದಿಂದ ಏರಿಸಿದರೆ ಧೂಳು ಮೋಟಾರಿಗೆ ಹೊಗುತ್ತದೆ. ಒಂದು ಹಲಗೆಯನ್ನೋ ನಾಲ್ಕು ಮೂಲೆಗೆ ಕಲ್ಲಿಟ್ಟ ಟಾರ್ಪಾಲನ್ನೋ ಹಾಸಿ ಅಲ್ಲಿಂದ ಏರಿಸಿ ಇಳಿಸುವುದು ಕಂಪನ ಹೀರುವ ಯಾವ ದುಬಾರಿ ರಬ್ಬರ್ ಡ್ಯಾಂಪರಿಗಿಂತಲೂ ಹೆಚ್ಚು ಉಪಯೋಗಕ್ಕೆ ಬರುವ ರೂಢಿ.

ಮೋಟಾರ್, ತೋಳು, ತಿರುಪು

ಬ್ಯಾಟರಿಯನ್ನೂ ಪ್ರೊಪೆಲ್ಲರುಗಳನ್ನೂ ಬಿಚ್ಚಿಟ್ಟು ಪ್ರತಿ ಮೋಟಾರನ್ನು ಕೈಯಿಂದ ತಿರುಗಿಸಿ ನೋಡಿರಿ. ಆಯಸ್ಕಾಂತದ ಹಿಡಿತದಿಂದ ಸಮ ಅಂತರದಲ್ಲಿ ತಡೆ ತಡೆದು ತಿರುಗುವುದು ಸಹಜ. ಮರಳು ಅರೆದಂತಹ ಒರಟು ಸ್ಪರ್ಶ ಬಂದರೆ ಬೇರಿಂಗ್ ಹೋಗಿದೆ ಎಂದರ್ಥ. ಮೋಟಾರಿನ ಬೆಲ್ಲನ್ನು (ತಿರುಗುವ ಹೊರಕವಚವನ್ನು) ಹಿಡಿದು ಪಕ್ಕಕ್ಕೆ ಅಲುಗಿಸಿದಾಗ ಆಟವಾಡಿದರೂ ಅದೇ ಅರ್ಥ. ಧೂಳಿನಲ್ಲಿರುವ ಕಬ್ಬಿಣದ ಕಣಗಳು ಒಳಗಿನ ಆಯಸ್ಕಾಂತಕ್ಕೆ ಅಂಟಿಕೊಂಡಿದ್ದರೆ ಗಟ್ಟಿ ಟೇಪಿನ ಅಂಟುಬದಿಯಿಂದ ಒತ್ತಿ ತೆಗೆಯಬಹುದು. ಆಗುಂಬೆ, ಹುಲಿಕಲ್ ಕಡೆಯ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿಯೇ ಇದ್ದ ಡ್ರೋನಿನ ಬೇರಿಂಗ್ ಹಾರದೆಯೂ ತುಕ್ಕು ಹಿಡಿಯುತ್ತದೆ. ಸಿಲಿಕಾ ಜೆಲ್ ಚೀಲಗಳ ಜೊತೆ ಗಾಳಿಯಾಡದ ಡಬ್ಬದಲ್ಲಿಡುವುದೂ, ಆ ಚೀಲಗಳನ್ನು ಆಗಾಗ ಒಣಗಿಸುವುದೂ ಕಂಪನ ತಡೆಯುವ ಕೆಲಸದ ಭಾಗವೇ.

ತೋಳುಗಳ ಕೀಲು, ಮೋಟಾರಿನ ತಿರುಪು, ಕಾಲುಗಳು, ಮೇಲಿನ ಮುಚ್ಚಳ, ಇವುಗಳಲ್ಲಿ ಯಾವುದು ಸಡಿಲವಾಗಿದ್ದರೂ ಅದು ತನ್ನದೇ ಆವರ್ತನದಲ್ಲಿ ಅದುರತೊಡಗಿ ಸಣ್ಣ ಕಂಪನವನ್ನು ದೊಡ್ಡದು ಮಾಡುತ್ತದೆ. ಲೋಹದ ತಿರುಪುಗಳಿಗೆ ಥ್ರೆಡ್‌ಲಾಕರ್ (ತಿರುಪು ಸಡಿಲವಾಗದಂತೆ ಹಿಡಿಯುವ ಅಂಟು) ಹಚ್ಚಬಹುದು, ಆದರೆ ಪ್ಲಾಸ್ಟಿಕ್ಕಿಗೆ ತಾಗಿದರೆ ಪ್ಲಾಸ್ಟಿಕ್ ಬಿರುಕು ಬಿಡುವ ಸಂಭವವಿದೆ.

ಆರ್ಡುಪೈಲಟ್ ಎಂಬ ಹಾರಾಟ ನಿಯಂತ್ರಣ ತಂತ್ರಾಂಶ ಬಳಸಿ ಸ್ವತಃ ಕಟ್ಟಿದ ಡ್ರೋನಾದರೆ ಹಾರಾಟದ ಲಾಗ್‌ನಲ್ಲಿ (ದಾಖಲೆಯಲ್ಲಿ) ಕಂಪನದ ಅಳತೆ ಸಿಗುತ್ತದೆ. ಅದು ಸೆಕೆಂಡ್ ವರ್ಗಕ್ಕೆ 30 ಮೀಟರಿಗಿಂತ ಕೆಳಗಿದ್ದರೆ ಸಾಮಾನ್ಯವಾಗಿ ಅಡ್ಡಿಯಿಲ್ಲ, 60 ಮೀರಿದರೆ ಹಾರಾಟಕ್ಕೇ ತೊಂದರೆಯಾಗುವುದು ಹೆಚ್ಚುಕಡಿಮೆ ನಿಶ್ಚಿತ. ಇದು ಫ್ಲೈಟ್ ಕಂಟ್ರೋಲರ್ (ಹಾರಾಟ ನಿಯಂತ್ರಿಸುವ ಸರ್ಕ್ಯೂಟ್) ಇರುವ ಜಾಗದ ಅಳತೆಯೇ ಹೊರತು ಕ್ಯಾಮೆರಾದ್ದಲ್ಲ. ಆದರೂ ಪ್ರೊಪೆಲ್ಲರ್ ಬದಲಿಸುವ ಮೊದಲಿನ ಮತ್ತು ಅನಂತರದ ಲಾಗ್‌ಗಳನ್ನು ಹೋಲಿಸಲು ಇದಕ್ಕಿಂತ ನೇರವಾದ ಸಾಧನವಿಲ್ಲ.

ರಬ್ಬರ್ ಡ್ಯಾಂಪರ್

ಮೂಲದಲ್ಲಿ ಇಷ್ಟು ಮಾಡಿದ ಮೇಲೂ ಉಳಿಯುವ ಕಂಪನವನ್ನು ತಡೆಯುವುದು ಡ್ಯಾಂಪರಿನ ಕೆಲಸ. ಡ್ಯಾಂಪರುಗಳ ಮೇಲೆ ಕೂತ ಕ್ಯಾಮೆರಾಕ್ಕೆ ತನ್ನದೇ ಆದ ಒಂದು ಸಹಜ ಆವರ್ತನ, ಅಂದರೆ ಒಮ್ಮೆ ತಳ್ಳಿ ಬಿಟ್ಟರೆ ಸೆಕೆಂಡಿಗೆ ಇಷ್ಟು ಸಲ ಎಂದು ತಾನಾಗಿ ಅಲುಗುವ ವೇಗ, ಇರುತ್ತದೆ. ಬರುವ ಕಂಪನದ ಆವರ್ತನವು ಇದರ 1.41 ಪಟ್ಟನ್ನು ಮೀರಿದಾಗ ಮಾತ್ರ ಡ್ಯಾಂಪರ್ ಕಂಪನವನ್ನು ತಡೆಯುತ್ತದೆ. ಅದಕ್ಕಿಂತ ಕೆಳಗೆ ಅದು ಕಂಪನವನ್ನು ತಡೆಯುವ ಬದಲು ಹೆಚ್ಚಿಸುತ್ತದೆ, ಎರಡೂ ಸಮವಾದಲ್ಲಿ ಅತಿ ಹೆಚ್ಚು.

ಈ ಸಹಜ ಆವರ್ತನವನ್ನು ಅಂದಾಜು ಮಾಡಲು ಒಂದು ಸ್ಕೇಲ್ ಸಾಕು. ಕ್ಯಾಮೆರಾ ಇಲ್ಲದಾಗ ತಟ್ಟೆ ಎಲ್ಲಿತ್ತು, ಕ್ಯಾಮೆರಾ ಕೂರಿಸಿದ ಮೇಲೆ ಎಷ್ಟು ಮಿಲಿಮೀಟರ್ ಜಗ್ಗಿತು ಎಂದು ಅಳೆದು, ಆ ಸಂಖ್ಯೆಯ ವರ್ಗಮೂಲದಿಂದ 15.8 ಅನ್ನು ಭಾಗಿಸಿದರೆ ಹರ್ಟ್ಸ್‌ನಲ್ಲಿ ಉತ್ತರ ಬರುತ್ತದೆ. 1 ಮಿಲಿಮೀಟರ್ ಜಗ್ಗಿದರೆ ಸುಮಾರು 16 ಹರ್ಟ್ಸ್, 2.5 ಮಿಲಿಮೀಟರ್ ಜಗ್ಗಿದರೆ 10 ಹರ್ಟ್ಸ್, 0.1 ಮಿಲಿಮೀಟರ್ ಮಾತ್ರ ಜಗ್ಗಿದರೆ 50 ಹರ್ಟ್ಸ್. 100 ಹರ್ಟ್ಸ್ ಕಂಪನದಲ್ಲಿ ಮೊದಲನೆಯ ಜೋಡಣೆ ಸುಮಾರು ಶೇ. 3ರಷ್ಟನ್ನೂ, ಎರಡನೆಯದು ಶೇ. 1ರಷ್ಟನ್ನೂ ಒಳಬಿಟ್ಟರೆ ಮೂರನೆಯದು ಮೂರನೇ ಒಂದು ಭಾಗವನ್ನೇ ಬಿಟ್ಟುಕೊಡುತ್ತದೆ. ರಬ್ಬರ್ ವೇಗದ ಅಲುಗಾಟಕ್ಕೆ ಅಳತೆಯಲ್ಲಿ ಕಂಡದ್ದಕ್ಕಿಂತ ಗಡುಸಾಗಿ ವರ್ತಿಸುವುದರಿಂದ ನಿಜವಾದ ಫಲ ಇದಕ್ಕಿಂತ ತುಸು ಕಡಿಮೆಯೇ ಇರುತ್ತದೆ.

ಈ ಲೆಕ್ಕ ಗೊತ್ತಿದ್ದರೆ ಸಾಮಾನ್ಯವಾದ ಒಂದು ತಪ್ಪು ತಾನಾಗಿ ಕಾಣುತ್ತದೆ. ಒಂದೆರಡು ಕಿಲೊ ತೂಕದ ಕ್ಯಾಮೆರಾಕ್ಕಾಗಿ ಮಾಡಿದ ಡ್ಯಾಂಪರುಗಳ ಮೇಲೆ 150 ಗ್ರಾಂ ತೂಕದ ಆ್ಯಕ್ಷನ್ ಕ್ಯಾಮೆರಾವನ್ನು ಕೂರಿಸಿದರೆ ಅವು ಜಗ್ಗುವುದೇ ಇಲ್ಲ. ಕಂಪನದ ಪಾಲಿಗೆ ಅಲ್ಲಿ ಇರುವುದು ರಬ್ಬರ್ ಅಲ್ಲ, ಗಟ್ಟಿ ಕಂಬ. ಇಂತಲ್ಲಿ ರಬ್ಬರ್ ಗುಂಡುಗಳನ್ನು ಹೆಚ್ಚಿಸುವ ಬದಲು ಕಡಿಮೆ ಮಾಡಬೇಕು, ಅಥವಾ ಕ್ಯಾಮೆರಾ ಇರುವ ತಟ್ಟೆಗೆ ತೂಕ ಸೇರಿಸಬೇಕು. ಬ್ಯಾಟರಿಯನ್ನೇ ಆ ತಟ್ಟೆಗೆ ವರ್ಗಾಯಿಸಿದರೆ ಹೆಚ್ಚುವರಿ ಭಾರವಿಲ್ಲದೆ ಕೆಲಸವಾಗುತ್ತದೆ. ಹಾಗೆಂದು ಅತಿ ಮೃದುವಾಗಿಸಿದರೆ ತಟ್ಟೆ 3–4 ಹರ್ಟ್ಸ್‌ನಲ್ಲಿ ತೂಗಾಡತೊಡಗಿ ಗಿಂಬಲ್‌ನ ಕೆಲಸಕ್ಕೆ ಅಡ್ಡಬರುತ್ತದೆ. 8ರಿಂದ 15 ಹರ್ಟ್ಸ್ ನಡುವೆ ನಿಲ್ಲಿಸುವುದು ಹದವಾದ ಆಯ್ಕೆ.

ವಾಲುವಿಕೆಯ ವಿಚಾರ ಇಲ್ಲಿ ಮತ್ತೆ ಬರುತ್ತದೆ. ಡ್ಯಾಂಪರುಗಳ ಸಮತಲಕ್ಕಿಂತ ಬಹಳ ಕೆಳಗೆ ಕ್ಯಾಮೆರಾದ ಭಾರಕೇಂದ್ರ ಜೋತುಬಿದ್ದಿದ್ದರೆ ಪ್ರತಿ ಪಕ್ಕದ ತಳ್ಳೂ ಅದನ್ನು ವಾಲಿಸುತ್ತದೆ. ಭಾರಕೇಂದ್ರವು ಡ್ಯಾಂಪರುಗಳ ಸಮತಲದಲ್ಲಿ, ಅವುಗಳ ನಟ್ಟನಡುವೆ ಬರಬೇಕು. ಆಗ ತಳ್ಳು ಕ್ಯಾಮೆರಾವನ್ನು ಬರೀ ಜರುಗಿಸುತ್ತದೆ. ಡ್ಯಾಂಪರುಗಳನ್ನು ಹತ್ತಿರ ಹತ್ತಿರ ಇಡದೆ ತಟ್ಟೆಯ ಮೂಲೆಗಳಿಗೆ ಒಯ್ದರೆ ಅಷ್ಟೇ ಮೃದುತ್ವದಲ್ಲಿ ವಾಲುವಿಕೆ ಕಡಿಮೆಯಾಗುತ್ತದೆ. ನಾಲ್ಕೂ ಸಮನಾಗಿ ಜಗ್ಗಿವೆಯೇ ಎಂದು ಅಳೆಯಲೇಬೇಕು. ಇನ್ನು, ಇಷ್ಟೆಲ್ಲ ಮಾಡಿದ ಮೇಲೆ ದಪ್ಪನೆಯ ಕೇಬಲ್ ಒಂದನ್ನು ಬಿಗಿಯಾಗಿ ಎಳೆದು ಕಟ್ಟಿದರೆ ಕಂಪನ ರಬ್ಬರನ್ನು ಬಿಟ್ಟು ಆ ಕೇಬಲ್ಲಿನ ಮೂಲಕವೇ ಕ್ಯಾಮೆರಾ ತಲುಪುತ್ತದೆ. ತೆಳುವಾದ ಸಿಲಿಕೋನ್ ತಂತಿಯನ್ನು ಸಡಿಲ ಸುರುಳಿಯಾಗಿ ಬಿಡಬೇಕು. ಬೀಳದಂತೆ ಕಟ್ಟುವ ಸುರಕ್ಷತಾ ದಾರವೂ ಸಡಿಲವಾಗಿಯೇ ಇರಬೇಕು.

ಚಳಿಗಾಲದ ನಸುಕಿನಲ್ಲಿ ಕುಂದಾದ್ರಿಯಂತಹ ಬೆಟ್ಟದ ಮೇಲೆ ರಬ್ಬರ್ ಮಧ್ಯಾಹ್ನಕ್ಕಿಂತ ಗಡುಸಾಗಿರುತ್ತದೆ, ಸಿಲಿಕೋನಿನಲ್ಲಿ ಈ ಬದಲಾವಣೆ ಕಡಿಮೆ. ಬಿರುಕು ಬಿಟ್ಟ, ಅಂಟಂಟಾದ ಗುಂಡುಗಳನ್ನು ನಾಲ್ಕನ್ನೂ ಒಟ್ಟಿಗೆ ಬದಲಿಸಬೇಕು.

ತೂಕ ಸೇರಿಸುವ ಮೊದಲು ಕಾನೂನನ್ನೂ ನೆನಪಿಡಬೇಕು. 2021ರ ಡ್ರೋನ್ ನಿಯಮಗಳ ಪ್ರಕಾರ ನ್ಯಾನೊ ವರ್ಗದ ಮಿತಿ 250 ಗ್ರಾಂ. 249 ಗ್ರಾಂ ತೂಕದ ಡ್ರೋನಿಗೆ ಒಂದು ಲೆನ್ಸ್ ಫಿಲ್ಟರನ್ನೋ ತಟ್ಟೆಯನ್ನೋ ಸೇರಿಸಿದರೆ ಅದು ಮೈಕ್ರೊ ವರ್ಗಕ್ಕೆ ಹೋಗುತ್ತದೆ.

ಗಿಂಬಲ್

ಗಿಂಬಲ್ ನಿಧಾನದ ಅಲುಗಾಟವನ್ನು ತಡೆಯಲು ಇರುವುದು. 100 ಹರ್ಟ್ಸ್ ಕಂಪನವನ್ನು ಅದರ ಮೋಟಾರುಗಳು ಹಿಂಬಾಲಿಸಲಾರವು. ವಿದ್ಯುತ್ ಆರಿಸಿ, ಕ್ಯಾಮೆರಾವನ್ನು ಕೈಯಿಂದ ಯಾವ ಕೋನಕ್ಕೆ ತಿರುಗಿಸಿ ಬಿಟ್ಟರೂ ಅಲ್ಲಿಯೇ ನಿಲ್ಲುವಂತೆ ಮೂರೂ ಅಕ್ಷಗಳಲ್ಲಿ ತೂಕ ಹೊಂದಿಸಬೇಕು. ಗಿಂಬಲ್‌ಗಾಗಿಯೇ ಮಾಡದ ಭಾರದ ಫಿಲ್ಟರ್ ಹಾಕಿದಾಗ ಬರುವ ಓವರ್‌ಲೋಡ್ ಸಂದೇಶಕ್ಕೆ ಕಾರಣ ಈ ತೂಕದ ಏರುಪೇರೇ. ಸ್ವಂತ ನಿರ್ಮಾಣದ ಗಿಂಬಲ್‌ನಲ್ಲಿ ಗೇನ್ (ಅಲುಗಾಟಕ್ಕೆ ಅದರ ಮೋಟಾರುಗಳು ಎಷ್ಟು ಬಲವಾಗಿ ಸ್ಪಂದಿಸಬೇಕೆಂಬ ಹೊಂದಿಕೆ) ಹೆಚ್ಚಾದರೆ ಅದು ತಾನೇ ಝುಯ್ ಎಂದು ಅದುರತೊಡಗುತ್ತದೆ; ಆ ಸದ್ದು ನಿಲ್ಲುವವರೆಗೆ ಇಳಿಸಿ, ಇನ್ನೂ ಸ್ವಲ್ಪ ಇಳಿಸಿ ಬಿಡಬೇಕು.

ಶಟರ್ ವೇಗ

ವಿಡಿಯೊಗೂ ಸಮೀಕ್ಷೆಯ ಸ್ಥಿರಚಿತ್ರಕ್ಕೂ ಇಲ್ಲಿ ದಾರಿಗಳು ಬೇರೆಯಾಗುತ್ತವೆ. ಸೆಕೆಂಡಿಗೆ 25 ಫ್ರೇಮುಗಳ ವಿಡಿಯೊಗೆ 1/50 ಸೆಕೆಂಡ್ ಇಟ್ಟರೆ 100 ಹರ್ಟ್ಸ್ ಕಂಪನದ ಎರಡು ಪೂರ್ತಿ ಸುತ್ತುಗಳು ಪ್ರತಿ ಸಾಲಿನಲ್ಲೂ ಕಲೆತು ಬಳುಕು ಕಾಣದಾಗುತ್ತದೆ. ಇದಕ್ಕೆ ಲೆನ್ಸಿಗೆ ಬೀಳುವ ಬೆಳಕನ್ನು ತಗ್ಗಿಸುವ ಎನ್‌ಡಿ ಫಿಲ್ಟರ್ ಬೇಕು: ಎಫ್ 2.8 ದ್ಯುತಿರಂಧ್ರ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100 ಇರುವಾಗ ಪ್ರಖರ ಬಿಸಿಲಿಗೆ ಎನ್‌ಡಿ 64, ಮೋಡ ಮುಚ್ಚಿದ ದಿನಕ್ಕೆ ಎನ್‌ಡಿ 8 ಸುಮಾರಾಗಿ ಸರಿಹೊಂದುತ್ತವೆ. ಆದರೆ ಕಂಪನ ಅಲ್ಲಿಯೇ ಇದೆ, ಬಳುಕಿನ ಬದಲು ಮಸುಕಾಗಿ ಉಳಿದಿದೆ. ಆದ್ದರಿಂದ ಪರೀಕ್ಷೆಯ ಹಾರಾಟವನ್ನು ಎಂದಿಗೂ ಫಿಲ್ಟರ್ ಹಾಕಿ ಮಾಡಬಾರದು.

ತೋಟದ ಸಮೀಕ್ಷೆಗೆ ಇದರ ತದ್ವಿರುದ್ಧ. ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಸಾಗುವ ಡ್ರೋನ್ 1/1000 ಸೆಕೆಂಡಿನಲ್ಲಿ 8 ಮಿಲಿಮೀಟರ್ ಮುಂದೆ ಹೋಗುತ್ತದೆ, 1/100 ಸೆಕೆಂಡಿನಲ್ಲಿ 80 ಮಿಲಿಮೀಟರ್. ಒಣಗಿದ ಗರಿಯನ್ನು ಹಸಿರು ಗರಿಯಿಂದ ಬೇರ್ಪಡಿಸಿ ನೋಡಬೇಕಾದರೆ ಮೊದಲನೆಯದೇ ಬೇಕು. ಬೆಳಕು ಸಾಲದಿದ್ದರೆ ಐಎಸ್‌ಒ ಏರಿಸಿ ಒಂದಿಷ್ಟು ನಾಯ್ಸ್ (ಚಿತ್ರದಲ್ಲಿ ಕಾಣುವ ಕಾಳುಕಾಳು) ಒಪ್ಪಿಕೊಳ್ಳುವುದು ಮೇಲು.

ಗೈರೋಫ್ಲೋದಂತಹ ತಂತ್ರಾಂಶಗಳು ಕ್ಯಾಮೆರಾದ ಗೈರೊ (ತಿರುಗುವಿಕೆ ಅಳೆಯುವ ಸೆನ್ಸರ್) ದತ್ತಾಂಶದಿಂದ ಅಲುಗಾಟವನ್ನು ಚೆನ್ನಾಗಿಯೇ ತೆಗೆಯುತ್ತವೆ. ಆದರೆ ಪ್ರತಿ ಫ್ರೇಮಿನೊಳಗೆ ಈಗಾಗಲೇ ಆಗಿಹೋದ ಮಸುಕನ್ನು ಅವು ತೆಗೆಯಲಾರವು, ವೇಗದ ಕಂಪನ ಬೆರೆತ ಗೈರೊ ದತ್ತಾಂಶ ಅವುಗಳ ಲೆಕ್ಕವನ್ನೇ ಕೆಡಿಸುತ್ತದೆ.

ಗಾಳಿ, ದಾರಿ, ಸಾಗಾಟ

1343 ಮೀಟರ್ ಎತ್ತರದ ಕೊಡಚಾದ್ರಿಯಲ್ಲಾಗಲಿ ಆಗುಂಬೆಯ ಘಟ್ಟದ ಅಂಚಿನಲ್ಲಾಗಲಿ ಪಡುವಣ ಗಾಳಿ ಬಂಡೆಗೆ ಬಡಿದು ಮೇಲೇರುತ್ತದೆ, ಶಿಖರ ದಾಟಿದ ಕೂಡಲೇ ಸುಳಿಯಾಗಿ ಒಡೆಯುತ್ತದೆ. ಸುಳಿಯಲ್ಲಿ ಸಿಕ್ಕ ಡ್ರೋನ್ ತನ್ನ ನಾಲ್ಕು ಮೋಟಾರುಗಳ ವೇಗವನ್ನು ಕ್ಷಣಕ್ಷಣಕ್ಕೂ ಬದಲಿಸುವುದರಿಂದ, ಶಾಂತ ಗಾಳಿಯಲ್ಲಿ ತಪ್ಪಿಸಿಕೊಂಡಿದ್ದ ಸಹಜ ಆವರ್ತನಗಳನ್ನೆಲ್ಲ ಅದು ಹಾದುಹೋಗುತ್ತದೆ. ಗಾಳಿ ಬರುವ ಬದಿಯಲ್ಲಿ, ಅಂಚಿನಿಂದ ದೂರವಿದ್ದು, ಬಿಸಿಲು ಏರುವ ಮುನ್ನ ಹಾರಿಸಿದರೆ ಅದೇ ಯಂತ್ರ ಬೇರೆಯೇ ಚಿತ್ರ ಕೊಡುತ್ತದೆ. ನೇರ ಕೆಳಗಿಳಿಸಿದರೆ ಡ್ರೋನ್ ತಾನೇ ಕಲಕಿದ ಗಾಳಿಯೊಳಗೆ ಬಿದ್ದು ನಡುಗುತ್ತದೆ. ಇಳಿಯುವ ದೃಶ್ಯ ಬೇಕಿದ್ದರೆ ಮುಂದೆ ಸಾಗುತ್ತ ಓರೆಯಾಗಿ ಇಳಿಸಬೇಕು. ಅಭಯಾರಣ್ಯದ ವ್ಯಾಪ್ತಿಯಲ್ಲಿ ಅರಣ್ಯ ಇಲಾಖೆಯ ಅನುಮತಿಯೂ, 2023ರಲ್ಲಿ ಆರಂಭವಾದ ಸೋಗಾನೆಯ ವಿಮಾನ ನಿಲ್ದಾಣದ ಸುತ್ತಮುತ್ತ ಡಿಜಿಟಲ್ ಸ್ಕೈ ನಕ್ಷೆಯ (ಡ್ರೋನ್ ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರಿ ನಕ್ಷೆಯ) ಪರಿಶೀಲನೆಯೂ ಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕೊಡಚಾದ್ರಿಗೆ ಹೋಗುವ ಜೀಪಿನ ಹಾದಿ ಹಾರಾಟಕ್ಕಿಂತ ಹೆಚ್ಚಾಗಿ ಗಿಂಬಲ್ಲನ್ನು ಅಲುಗಿಸುತ್ತದೆ. ಗಿಂಬಲ್‌ನ ಮುಚ್ಚಳ ಹಾಕಿ, ಚೀಲವನ್ನು ಜೀಪಿನ ತಳದಲ್ಲಿಡದೆ ತೊಡೆಯ ಮೇಲಿಟ್ಟುಕೊಂಡು ಹೋಗಬೇಕು. ಮೇಲೆ ತಲುಪಿದ ಮೇಲೆ ಮಂಜಿನ ತೇವ ಲೆನ್ಸ್ ಮೇಲೆ ಕೂತಿದೆಯೇ ನೋಡಬೇಕು, ಏಕೆಂದರೆ ಅದರ ಮಸುಕನ್ನು ಕಂಪನವೆಂದು ತಿಳಿದು ಡ್ಯಾಂಪರ್ ಬಿಚ್ಚುವವರಿದ್ದಾರೆ. ಆಮೇಲೆ ಡ್ರೋನನ್ನು ಸಮತಟ್ಟಾದ ಜಾಗದಲ್ಲಿಟ್ಟು ಗಿಂಬಲ್ ಕ್ಯಾಲಿಬ್ರೇಟ್ ಮಾಡಿ, ಫಿಲ್ಟರ್ ಇಲ್ಲದೆ ಒಂದು ಸಣ್ಣ ಪರೀಕ್ಷಾ ಹಾರಾಟ ನಡೆಸಿ, ಆ ತುಣುಕನ್ನು ಫೋನಿನ ಪರದೆಯಲ್ಲಿ ಹಿಗ್ಗಿಸಿ ನೋಡಿದ ಮೇಲಷ್ಟೇ ಚಿತ್ರೀಕರಣಕ್ಕೆ ತೊಡಗಬೇಕು. ಏನಾದರೂ ಬದಲಿಸಬೇಕಾಗಿ ಬಂದರೆ ಒಂದು ಹಾರಾಟಕ್ಕೆ ಒಂದನ್ನೇ ಬದಲಿಸಿ, ಯಾವುದನ್ನು ಬದಲಿಸಿದಿರಿ ಎಂದು ಆ ತುಣುಕಿನ ಹೆಸರಿನಲ್ಲಿಯೇ ಬರೆದಿಡಿರಿ.